ಒಂಬತ್ತನೇ ಬೆಡ್ಡಿಗೆ ಸಂದೇಶ

ಫೆಬ್ರವರಿ 3, ಮಧ್ಯಾಹ್ನ
ಇವತ್ತು ಹನ್ನೆರಡು ಚೀಟಿ. ಎಲ್ಲರಿಗೂ ಹಾಡು ಬೇಕು, ಇಂಜೆಕ್ಷನ್ ಯಾರಿಗೂ ಬೇಡ. ಇಂಡಿ ಬಸ್‌ಸ್ಟ್ಯಾಂಡಿನಲ್ಲಿ ಇಪ್ಪತ್ತಾರು ವರ್ಷ ಬಸ್ಸು ಬಂದದ್ದನ್ನು ಮೈಕಿನಲ್ಲಿ ಕೂಗಿದವನು, ರಿಟೈರ್ ಆಗಿ ಆಸ್ಪತ್ರೆಯ ರೇಡಿಯೋದಲ್ಲಿ ಪುಕ್ಕಟೆ ಕೂಗುತ್ತಿದ್ದೇನೆ. ಎಕ್ಸ್‌ರೇ ರೂಮಿನ ಪಕ್ಕ ಒಂದು ಮೈಕು, ವಾರ್ಡಿಗೊಂದು ಸ್ಪೀಕರ್.

ಹೊಸ ಚೀಟಿ — ಒಂಬತ್ತನೇ ಬೆಡ್, ಮಸೂತಿ ಎಂಬ ಊರಿನ ಸಾವಿತ್ರವ್ವ. ಮಗಳ ಮನೆಗೆ ಬರುವಾಗ ಟೆಂಪೋ ಪಲ್ಟಿ, ಸೊಂಟ ಮುರಿದಿದೆ. ಅದೇ ಟೆಂಪೋದಲ್ಲಿದ್ದು ವಿಜಯಪುರದ ಆಸ್ಪತ್ರೆ ಸೇರಿದ 'ಮನಿಯವರು' ಆರಾಮಾಗಲೆಂದು ಭಜನಾಪದ ಹಾಕಬೇಕಂತೆ. ಹೆಸರು ಬರೆಸಲಿಲ್ಲ, ಗಂಡನಲ್ಲವೇ! ಮಾನಪ್ಪ ಎಂದು ನರ್ಸ್ ನಿಷತ ಹೇಳಿದಳು. ಹಾಕಿದೆ.

ಫೆಬ್ರವರಿ 4
ಸಾವಿತ್ರವ್ವನ ಮಗಳು ಕೋಮಲ ಬಂದಿದ್ದಳು.

"ಕಾಕಾ, ಅಪ್ಪ ಟೆಂಪೋ ಬಿದ್ದ ಜಾಗಾದಾಗನ ತೀರಕೊಂಡಾರ್ರಿ. ಆಪರೇಶನ್ ಆಗೂತನಕ ಅವ್ವಗ ಹೇಳಬ್ಯಾಡ ಅಂದಾರ ಡಾಕ್ಟರು. ಆಕಿ ಊಟಾನ ಒಲ್ಲೆ ಅಂತಾಳ. ಅಪ್ಪ ಸುದ್ದಿ ಕಳಿಸ್ಯಾರಂತ ರೇಡಿಯೋದಾಗ ಹೇಳ್ರಿ."

ಆಗುವುದಿಲ್ಲ ಎಂದೆ. ಸತ್ತವನ ಬಾಯಿಗೆ ಮಾತು ಹಾಕುವುದೇ? ಹುಡುಗಿ ಅಳುತ್ತ ನಿಂತಳು.

ಫೆಬ್ರವರಿ 5
ಹೇಳಿಬಿಟ್ಟೆ... "ವಿಜಯಪುರದಿಂದ ಮಾನಪ್ಪನವರ ಸಂದೇಶ. ಸಾವಿತ್ರವ್ವಾ, ನಾ ಆರಾಮ ಅದೇನಿ. ಊಟ ಮಾಡು."

ಮೈಕ್ ಬಂದ್ ಮಾಡಿದೆ. ನಿಷತ ಓಡಿಬಂದಳು. "ಎರಡು ರೊಟ್ಟಿ ಉಂಡಳ್ರಿ!" ಖುಷಿಯಾಯಿತು. ಹೆದರಿಕೆಯೂ ಆಯಿತು.

ಫೆಬ್ರವರಿ 8
ದಿನವೂ ಹೊಸ ಸಂದೇಶ. ಮಾನಪ್ಪನ ಮುಖ ಕಂಡವನಲ್ಲ, ಆದರೂ ಅವನಿಗೊಂದು ದನಿ ಬಂದಿದೆ. ಒರಟು, ನಡುವೆ ಸಣ್ಣ ಕೆಮ್ಮು. ಕೆಮ್ಮು ಎಲ್ಲಿಂದ ಬಂತು? ಕೋಮಲಳನ್ನು ಕೇಳಿದೆ. "ಅಪ್ಪ ಹಂಗ ಕೆಮ್ಮತಿದ್ರು ಕಾಕಾ," ಎಂದು ನನ್ನನ್ನೇ ನೋಡಿದಳು.

ಮನೆಯಲ್ಲಿ ಚಹಾ ಕೇಳಿದೆ. ಹೆಂಡತಿ ಗಕ್ಕನೆ ತಿರುಗಿದಳು. "ಯಾರ ದನಿರಿ ಇದು? ಮೈಮ್ಯಾಲ ಏನರ ಬಂದೈತೇನು?" ನಗಲು ಆಗಲಿಲ್ಲ.

ಫೆಬ್ರವರಿ 14, ಬೆಳಿಗ್ಗೆ 11
ಐದು ದಿನ ಹೋಗಿರಲಿಲ್ಲ. ಜ್ವರ ಎಂದು ಹೇಳಿಕಳಿಸಿದ್ದೆ. ಜ್ವರ ಇರಲಿಲ್ಲ. ಆಪರೇಶನ್ ಚೆನ್ನಾಗಿ ಆಗಿದೆ ಎಂದರು, ಧೈರ್ಯ ಮಾಡಿ ವಾರ್ಡಿಗೆ ಹೋದೆ. ಸಾವಿತ್ರವ್ವ ಒಬ್ಬಳೇ ಇದ್ದಳು. ದನಿಯಿಂದಲೇ ಗುರುತು ಹಿಡಿದಳು.

"ಮೂವತ್ತೆರಡು ವರ್ಷ ಅವರ ಜೋಡಿ ಬಾಳೇ ಮಾಡೇನ್ರಿ. ಒಂದ ದಿನಾನೂ ಅವರು ನನ್ನ ಹೆಸರ ಹಿಡದು ಕರದಿಲ್ಲ. 'ಏ, ಇಲ್ಲೆ ಬಾ' ಅಷ್ಟ. ನೀವು ಹೆಸರ ಕರದ ದಿನಾನ ತಿಳೀತು, ಅವರು ಇಲ್ಲಂತ."

ಥೂ, ನನ್ನ ಬುದ್ಧಿಗಿಷ್ಟು! ನಾನಾದರೂ ಹೆಂಡತಿಯನ್ನು ಸುಲ್ತಾನಬಿ ಎಂದು ಯಾವತ್ತು ಕರೆದಿದ್ದೇನೆ? ಮಗನ ಹೆಸರು ಹಿಡಿದು 'ತಬ್ರೇಜನ ಅಮ್ಮಾ' ಎನ್ನುತ್ತೇನೆ. ಮೈಕಿನ ಮುಂದೆ ಕೂತರೆ ಮಾತ್ರ ಹೆಸರು ಕೂಗುವ ಚಾಳಿ.

"ಮತ್ತ ಊಟ ಹೆಂಗ ಮಾಡಿದ್ರಿ?" ಎಂದೆ.

"ಕೋಮಲ ಅಳಬಾರದಂತ... ಮತ್ತ ಖರೇ ಹೇಳ್ತೇನಿ, ಹೆಸರ ಕೇಳಿ ಹಿತ ಅನಸ್ತು. ಇವತ್ತೊಂದ ಸಲ ಕರೀರಿ. ಅವರ ದನ್ಯಾಗ. ಕಡೀ ಸಲ."

ಹೂಂ ಎಂದು ಬಂದುಬಿಟ್ಟೆ.

11.40
ಹಾಡು ಓಡುತ್ತಿದೆ. ಮುಗಿಯಲು ಒಂದು ನಿಮಿಷ. ನನ್ನ ದನಿಯಲ್ಲಿ ಕರೆದರೆ ಪರಗಂಡಸು ಕರೆದಂತೆ. ಅವನ ದನಿಯಲ್ಲಿ ಕರೆದರೆ, ಆಮೇಲೆ ಅವನನ್ನು ಎಲ್ಲಿಗೆ ಕಳಿಸಲಿ? ಭಯವಾಗುತ್ತಿದೆ.

ಹಾಡು ಮುಗಿಯಿತು. ಸ್ವಿಚ್ ಒತ್ತಿದೆ. ನಾನಿನ್ನೂ ಬಾಯಿ ತೆರೆದಿಲ್ಲ, ವಾರ್ಡಿನ ಸ್ಪೀಕರಿನಲ್ಲಿ ಆಗಲೇ ಆ ಸಣ್ಣ ಕೆಮ್ಮು —