ತಡವಾಗಿ ಚಿಗುರುವ ಮರಕ್ಕೆ ಕೆಂಪು ಪಟ್ಟಿ

ಎಲೆಯನ್ನು ಉದುರಿಸಿ ಮತ್ತೆ ಚಿಗುರಿಸುವ ಕರುಣಾಳುವಾದ ಭಗವಂತನಿಗೆ ಮೊದಲ ನಮಸ್ಕಾರ.

ವಸಂತ ಋತು, ಶುಕ್ಲ ಪಕ್ಷದ ದಶಮಿ, ಸೋಮವಾರ, ಪ್ರಾತಃಕಾಲದ ಪ್ರಾರ್ಥನೆಯ ತರುವಾಯ.

ಚಿರಂಜೀವಿ ತಂಗಿಗೆ ಅಕ್ಕನು ಮಾಡುವ ಆಶೀರ್ವಾದ.

ನಾನು ಕ್ಷೇಮವೆಂದು ಬರೆಯಲು ಲೇಖನಿ ಒಪ್ಪುತ್ತಿಲ್ಲ. ಆದುದರಿಂದ ನಿನ್ನ ಕ್ಷೇಮವನ್ನಷ್ಟೇ ಹಾರೈಸಿ ವಿಷಯಕ್ಕೆ ಬರುತ್ತೇನೆ. ಹಳೆಯ ಕಾಡಿನ ಇನ್ನೂರ ಹದಿನಾಲ್ಕನೆಯ ಮರವನ್ನು, ನೀನು ಸಲುಗೆಯಿಂದ ಸೋಮಾರಿ ಅಜ್ಜ ಎಂದು ಕರೆಯುವ ಮರವನ್ನು, ಗುರುವಾರ ಬೆಳಿಗ್ಗೆ ಕಡಿಯಲಿದ್ದಾರೆ. ಅದು ಸತ್ತಿದೆಯೆಂಬ ಪ್ರಮಾಣಪತ್ರಕ್ಕೆ ಸಹಿ ಮಾಡಿದವಳು ನಾನು. ಈ ಪತ್ರವನ್ನು ತಂದ ಅರಣ್ಯ ಕಚೇರಿಯ ಚಾಲಕನ ಬಳಿ ಒಂದು ಅರ್ಜಿಯ ನಮೂನೆಯಿದೆ. ಅದಕ್ಕೆ ನೀನು ಸಹಿ ಹಾಕಿದರೆ ಮರ ಉಳಿಯುತ್ತದೆ. ಆತ ಕಾಯುತ್ತಾನೆ, ಆದರೂ ಸಹಿಗೆ ಮುನ್ನ ಇದನ್ನು ಪೂರ್ತಿಯಾಗಿ ಓದು.

ಮೂವತ್ತೆಂಟು ವರ್ಷ ನಾನು ಕಾಲೇಜಿನ ಸಸ್ಯಸಂಗ್ರಹದ ಕೋಣೆಯಲ್ಲಿ ಕಳೆದೆನೆಂಬುದನ್ನು ನೀನು ಬಲ್ಲೆ. ಆ ಕಾಡಿನ ಒಂದೊಂದು ಎಲೆಯನ್ನೂ ಹಳೆಯ ವೃತ್ತಪತ್ರಿಕೆಗಳ ನಡುವೆ ಒತ್ತಿ, ಒಣಗಿಸಿ, ದಪ್ಪ ಕಾಗದಕ್ಕೆ ಹೊಲಿದು, ಅಡಿಯಲ್ಲಿ ಹೆಸರು ಬರೆದಿಟ್ಟೆ. ನಿವೃತ್ತಳಾದ ಮೇಲೂ ಸತ್ತ ಮರಗಳನ್ನು ಗುರುತಿಸಲು ಕಚೇರಿಯವರು ನನ್ನನ್ನೇ ಕರೆದರು. ನೀನೋ ಕಾಡಿನ ಬಾಗಿಲಲ್ಲಿ ಕುಳಿತು ಟಿಕೆಟ್ ಹರಿದುಕೊಡುವವಳು, ಶಾಲೆಯನ್ನು ಅರ್ಧಕ್ಕೆ ಬಿಟ್ಟವಳು. ಆದರೆ ಮಧ್ಯಾಹ್ನ ಮರದಡಿ ಬುತ್ತಿ ಬಿಚ್ಚುತ್ತ ನೀನು ಕಂಡದ್ದು ನನ್ನ ಕಣ್ಣಿಗೆ ಬೀಳಲಿಲ್ಲ.

ಉಳಿದ ಮರಗಳೆಲ್ಲ ಎಲೆದುಂಬಿ ನೆಲಕ್ಕೆ ನೆರಳು ಕವಿಸಿದ ಮೇಲೂ ಅದೊಂದು ಮರ ಇಪ್ಪತ್ತಮೂರು ದಿನ ಬೋಳಾಗಿಯೇ ನಿಲ್ಲುತ್ತದೆ. ಆ ಹೆಚ್ಚಿನ ಬಿಸಿಲಿನಲ್ಲಿ ಅದರ ಬುಡದ ನೀಲಿ ಹೂವಿನ ಗಿಡಗಳು ಬೀಜ ಕಟ್ಟುತ್ತವೆ. ಬೇರೆಡೆ ಅವೇ ಗಿಡಗಳು ಹೂಬಿಟ್ಟು ಬರಿದೆ ಬಾಡುತ್ತವೆ. ಇರುವೆಗಳು ಬೀಜಗಳನ್ನು ಹೊತ್ತೊಯ್ದು ದೂರದೂರ ಹರಡುತ್ತವೆ. ಆ ಒಂದು ಮರದ ಸೋಮಾರಿತನದಿಂದ ಕಾಡಿನ ನೆಲ ವರ್ಷವರ್ಷವೂ ನೀಲಿಯಾಗುತ್ತದೆ. ಇಷ್ಟನ್ನೂ ನೀನು ಹತ್ತು ವಸಂತಗಳಲ್ಲಿ ಟಿಕೆಟ್ ಪುಸ್ತಕಗಳ ಬೆನ್ನ ಮೇಲೆ ಬರೆದು, ಮೊದಲು ನನಗೇ ತಂದು ಕೊಟ್ಟೆ. "ಅಕ್ಕಾ, ಇದ್ರಲ್ಲಿ ಏನಾದ್ರೂ ಹುರುಳಿದ್ಯಾ ನೋಡೇ" ಎಂದೆ. ಮೊದಲ ಪುಟದಲ್ಲೇ ಹುರುಳು ಕಂಡಿತು. ಒಂದಿಡೀ ವರ್ಷ ಅದನ್ನು ಕಪಾಟಿನೊಳಗೆ ಅಡಗಿಸಿಟ್ಟು, "ಮೊದ್ಲು ಕಾಗುಣಿತ ತಿದ್ಕೊ, ಆಮೇಲೆ ವಿಜ್ಞಾನ" ಎಂದು ಹಿಂದಿರುಗಿಸಿದೆ. ನೀನು ನಕ್ಕು, ತಿದ್ದಿ, ಒಂದು ವಿಜ್ಞಾನ ಪತ್ರಿಕೆಗೆ ಕಳಿಸಿದೆ. ಅವರು ಅಚ್ಚು ಹಾಕಿದರು.

ಆಮೇಲೆ ನಡೆದ ಸನ್ಮಾನದ ಸಭೆ ನಿನಗೆ ನೆನಪಿರಬಹುದು. ಅಧ್ಯಕ್ಷರು ನನ್ನತ್ತ ಕೈ ತೋರಿಸಿ, "ಇವ್ರು ನಮ್ಮ ಟಿಕೆಟ್ ಮೇಡಂ ಅವರ ಅಕ್ಕ. ಇವ್ರಿಗೂ ಗಿಡಮರ ಅಂದ್ರೆ ಬಹಳ ಇಷ್ಟವಂತೆ!" ಎಂದರು. ಸಭೆ ಚಪ್ಪಾಳೆ ತಟ್ಟಿತು. ನಾನು ನಗುತ್ತ ಕೈಮುಗಿದೆ. ಬಸ್ಸಿನಲ್ಲಿ ನೀನು, "ಬೇಜಾರು ಮಾಡ್ಕೋಬೇಡ್ವೇ, ಅವ್ರಿಗೇನು ಗೊತ್ತು" ಎಂದು ನನ್ನ ಕೈ ಹಿಡಿದೆಯಲ್ಲ, ಅಧ್ಯಕ್ಷರ ಮಾತಿಗಿಂತ ಆ ಕೈ ನನ್ನನ್ನು ಹೆಚ್ಚು ಸುಟ್ಟಿತು.

ವಿದ್ವಾಂಸರ ಮುಂದೆ ಮಾತಾಡಲು ನೀನು ಈಗಿರುವ ನಗರಕ್ಕೆ ಹೊರಟ ಮರುದಿನವೇ ಮರಗಳ ತಪಾಸಣೆ. ಇನ್ನೂರ ಹದಿನಾಲ್ಕರ ಮುಂದೆ ನಾನು ನಿಂತಾಗ ಮರ ಕಡಿಸುವ ಮೇಸ್ತ್ರಿ, "ಅಮ್ಮಾ, ಇದು ನಿಮ್ ತಂಗಿಯವರ ಸೋಮಾರಿ ಅಜ್ಜ ಅಲ್ವಾ? ಲೇಟಾಗಿ ಏಳೋ ಗಿರಾಕಿ" ಎಂದು ನಕ್ಕ.

"ಸತ್ತೋರು ಏಳೋದೇ ಇಲ್ಲ ಮೇಸ್ತ್ರಿ. ಬಳೀರಿ ಬಣ್ಣ" ಎಂದೆ.

"ಓದಿದೋರು ಹೇಳಿದ್ಮೇಲೆ ಮುಗೀತು ಬಿಡಿ" ಎಂದು ಆತ ಕಡಿಯುವ ಮರದ ಗುರುತಾದ ಕೆಂಪು ಬಣ್ಣದಲ್ಲಿ ಕುಂಚವನ್ನು ಅದ್ದಿದ. ಕಾಂಡ ಎಷ್ಟು ದಪ್ಪವೆಂದರೆ, ಪಟ್ಟಿಯನ್ನು ಒಂದು ಸುತ್ತು ತರುವಷ್ಟರಲ್ಲಿ ಮೂರು ಬಾರಿ ಕುಂಚ ಒಣಗಿತು.

ಅದಾಗಿ ಒಂಬತ್ತು ದಿನಗಳಾದವು. ನಿತ್ಯವೂ ನಿನ್ನ ಹೆಸರೆತ್ತಿ ಪ್ರಾರ್ಥಿಸುವವಳು ನಾನು. ನಿನ್ನೆ ನಿನ್ನ ಹೆಸರು ಬಂದೊಡನೆ ನಾಲಿಗೆ ನಿಂತುಹೋಯಿತು. ಎಷ್ಟು ಪ್ರಯತ್ನಿಸಿದರೂ ಮುಂದಕ್ಕೆ ಸಾಗಲಿಲ್ಲ. ಎದ್ದು ನೇರವಾಗಿ ಅರಣ್ಯಾಧಿಕಾರಿಯ ಮನೆಬಾಗಿಲಿಗೆ ಹೋಗಿ, ನನ್ನ ಸಹಿಯನ್ನು ಹಿಂತೆಗೆಯಬೇಕೆಂದು ಕೇಳಿದೆ. "ನಿಮ್ಮ ಸಹಿ ನೀವೇ ಅಳಿಸೋಕಾಗಲ್ಲ ಮೇಡಂ. ಆ ಮರ ಬಲ್ಲ ಇನ್ನೊಬ್ಬ ತಜ್ಞರು ಬರೆದುಕೊಡಬೇಕು. ಯಾರಾದ್ರೂ ಇದ್ದಾರಾ?" ಎಂದರು. ಅವರು ಎರಡು ಬಾರಿ ಕೇಳಿದ ಮೇಲೆ ನಿನ್ನ ಹೆಸರು ಹೇಳಿದೆ. ನನ್ನನ್ನು ಮರಗಳ ತಪಾಸಣಾ ಸಮಿತಿಯಿಂದ ತೆಗೆಯುವರೆಂಬುದನ್ನೂ ಅಲ್ಲಿಯೇ ತಿಳಿಸಿದರು.

ತಜ್ಞರು ಎಂಬ ಅಂಕಣದಲ್ಲಿ ನಿನ್ನ ಹೆಸರನ್ನು ನನ್ನ ಕೈಯಿಂದಲೇ ಬರೆದಿದ್ದೇನೆ. ಬರೆಯುವಾಗಲೂ ಹೊಟ್ಟೆ ಉರಿಯಿತು. ಪಶ್ಚಾತ್ತಾಪಪಟ್ಟೊಡನೆ ಮತ್ಸರವು ತೊಲಗುತ್ತದೆಂದು ನಾನು ಎಷ್ಟೋ ಜನಕ್ಕೆ ಉಪದೇಶಿಸಿದ್ದೆ, ತೊಲಗುವುದಿಲ್ಲ. ಅದು ಇದ್ದರೂ ಇರಲಿ, ಮರವೂ ಇರಲಿ.

ಇತಿ ನಿನ್ನ ಅಕ್ಕ.

ಪುನಶ್ಚ: ನಮೂನೆಯಲ್ಲಿ ಕಾರಣವನ್ನು ಕೇಳಿರುವಲ್ಲಿ ‘ಗುರುತಿಸುವಲ್ಲಿ ಆದ ಪ್ರಮಾದ’ ಎಂದು ಬರೆದಿದ್ದೇನೆ. ಅದು ಸುಳ್ಳು. ಮೇಸ್ತ್ರಿ ಬಣ್ಣದ ಡಬ್ಬಿಯನ್ನು ತೆರೆಯುತ್ತಿದ್ದಾಗ ನಾನು ಮರದ ಹಿಂಬದಿಗೆ ಹೋಗಿ, ಬಾಗಿದ ಒಂದು ಕಿರುರೆಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದೆ. ಒಳಗೆ ಹಸಿಹಸಿ ಹಸಿರಿತ್ತು. ಬೆರಳನ್ನು ಒರೆಸಿಕೊಂಡು ಬಂದು ಬಣ್ಣ ಬಳಿಸಿದೆ. ಆ ಸಾಲನ್ನು ಹೊಡೆದುಹಾಕಿ ನಿಜವನ್ನು ಬರೆಯುವ ಅಧಿಕಾರ ನಿನ್ನದು, ನಾನು ಅಲ್ಲಗಳೆಯುವುದಿಲ್ಲ. ನೀನು ಹೇಗೆ ಬರೆದರೂ ನಿನಗೂ, ನನ್ನ ಮಾತನ್ನು ನಂಬಿದ ಮೇಸ್ತ್ರಿಗೂ, ನಿನ್ನ ಬಾಗಿಲಲ್ಲಿ ಕಾಯುತ್ತಿರುವ ಚಾಲಕನಿಗೂ, ಆ ಮರಕ್ಕೂ, ಅದರ ಬುಡದ ಹೂವಿಗೂ ಇರುವೆಗೂ, ಕಡೆಯಲ್ಲಿ ಈ ಪಾಪಿಗೂ ಸನ್ಮಂಗಳವಾಗಲಿ.