ತಲುಪಿದ ಕಾಗದ

ಅಜ್ಜಂಪುರ
೧೨ ಫೆಬ್ರವರಿ ೨೦೨೫, ಬುಧವಾರ

ಪ್ರೀತಿಯ ಮಲ್ಲಿಕಾ,

ನಿನ್ನ ಅತ್ತೆ ಕರಿಬಸಮ್ಮನ ಆಶೀರ್ವಾದ. ಇತ್ತ ನಾವು ಕ್ಷೇಮ, ಅತ್ತ ನೀವೂ ಕ್ಷೇಮ ಅಂತ ಮೊದಲು ಬರೀಬೇಕು ಅಂತ ನಾನು ಏಳನೇ ಕ್ಲಾಸಲ್ಲಿದ್ದಾಗ ಹೇಳಿಕೊಟ್ಟಿದ್ರು. ಇವತ್ತು ಅದನ್ನ ಬರಿಯೋಕೆ ಕೈ ಬರ್ಲಿಲ್ಲ ಕಣೇ. ಅದಕ್ಕೆ ಕೇಳ್ತಾ ಇದೀನಿ. ಮೈಗೆ ಹೆಂಗಿದೆ? ಮಲಗೋಕೆ ಮಂಚ ಇದೆಯಾ, ನೆಲವೇನಾ? ಹೊಲಿಗೆ ಮೆಷಿನ್ ತುಳಿದೂ ತುಳಿದೂ ನಿನಗೆ ಸೊಂಟನೋವು ಇತ್ತಲ್ಲ, ತಣ್ಣನೆ ನೆಲದ ಮೇಲೆ ಮಲಗಿದ್ರೆ ಜಾಸ್ತಿ ಆಗುತ್ತೆ, ಒಂದು ಕಂಬಳಿ ಕೊಡಿ ಅಂತ ಬಾಯಿಬಿಟ್ಟು ಕೇಳು. ನಿನಗೆ ಕೇಳೋಕೆ ನಾಚಿಕೆ, ನಂಗೊತ್ತು. ಈ ಮನೆಗೆ ಬಂದ ಹೊಸದ್ರಲ್ಲಿ ಎರಡನೇ ಸಲ ಅನ್ನ ಹಾಕಿಸಿಕೊಳ್ಳೋಕೇ ಒಂದು ವರ್ಷ ತಗೊಂಡವಳು ನೀನು. ವಾರಕ್ಕೊಂದ್ಸಲ ಐದು ನಿಮಿಷದ ಫೋನು, ಅದ್ರಲ್ಲಿ ಮೂರು ನಿಮಿಷ ಶಾಂಭವಿ ಅಳ್ತಾಳೆ, ಉಳಿದದ್ದು ನಿನ್ನ ಗಂಡ ಗುರುಮೂರ್ತಿದು. ಮುದುಕಿ ಕೈಗೆ ಬರೋ ಹೊತ್ತಿಗೆ ಕಟ್ಟಾಗಿರುತ್ತೆ. ಹೊರದೇಶದವರನ್ನ ಇಡೋ ಆ ಕೇಂದ್ರಕ್ಕೆ ಕಾಗದ ಬರೀಬಹುದು ಅಂತ ವಕೀಲ್ರು ಹೇಳಿದ್ರು, ಅದಕ್ಕೇ ಕೂತೆ. ಅಕ್ಷರ ದುಂಡಗೆ ಬರೆದಿದೀನಿ, ನಿಧಾನವಾಗಿ ಓದು. ಶಾಂಭವಿ ಒಂದನೇ ಕ್ಲಾಸಲ್ಲಿದ್ದಾಗ ಅವಳ ಪಕ್ಕ ಸ್ಲೇಟು ಹಿಡ್ಕೊಂಡು ಕೂತು ಕಲಿತೆಯಲ್ಲ, ಒತ್ತಕ್ಷರ ಬಂದ ಕಡೆ ನಿಂತ್ಬಿಡ್ತಿದ್ದೆ. ಈಗಲೂ ಅಂಥ ಕಡೆ ನಿಂತು, ಉಸಿರು ಬಿಟ್ಟು ಮುಂದಕ್ಕೆ ಹೋಗು.

ನೀನು ಹೋಗಿ ಇಪ್ಪತ್ಮೂರು ದಿನ ಆಯ್ತು. ನಿಮ್ಮಮ್ಮನ್ನ ನೋಡ್ಕೊಂಡು ಹದಿನೈದು ದಿನಕ್ಕೆ ಬತ್ತೀನಿ ಅತ್ತೆ ಅಂತ ಕಾಲಿಗೆ ಬಿದ್ದು ಹೊರಟೆ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನಿನ್ನ ಪಾಸ್‌ಪೋರ್ಟು ನೋಡಿ, ನಿಮ್ಮ ವೀಸಾ ಮುಗಿದು ಇಪ್ಪತ್ತು ದಿನ ಆಗಿದೆ, ಹಂಗೆಲ್ಲ ಹೋಗೋಹಂಗಿಲ್ಲ ಅಂದ್ರಂತೆ. ಸಂಜೆಗೆ ಮನೆಗೆ ಬರ್ತೀಯ ಅಂದ್ಕೊಂಡ್ವಿ. ಕೇಸು ಆಗಿದೆ, ಕೇಂದ್ರಕ್ಕೆ ಕಳಿಸ್ತಾರೆ ಅಂತ ಗುರು ಫೋನ್ ಮಾಡಿದಾಗ ನಂಗೆ ಅರ್ಥವೇ ಆಗ್ಲಿಲ್ಲ. ಹನ್ನೊಂದು ವರ್ಷ ನಮ್ಮನೇಲಿ ಇದ್ದವಳನ್ನ ಯಾವ ಕೇಂದ್ರಕ್ಕೆ ಕಳಿಸ್ತಾರೋ ಅಂದೆ.

ಶಾಂಭವಿ ಊಟ ಮಾಡ್ತಾಳೆ, ಸ್ಕೂಲಿಗೂ ಹೋಗ್ತಾಳೆ. ಅಮ್ಮ ಸಿಲೋನಿಗೆ ಹೋಗಿದಾಳೆ ಅಂತ ಕ್ಲಾಸಲ್ಲಿ ಹೇಳಿದ್ಲಂತೆ. ಅದ್ಯಾರೋ ಒಂದು ಹುಡುಗಿ, ಇಲ್ಲ ಕಣೇ, ನಿಮ್ಮಮ್ಮನ್ನ ಪೊಲೀಸ್ನೋರು ಇಟ್ಕೊಂಡಿದಾರೆ, ನಮ್ಮಪ್ಪ ಹೇಳಿದ್ರು ಅಂದ್ಲಂತೆ. ಇವಳು ಬಂದು ಅತ್ತಿದ್ರೆ ನಂಗೆ ಸಮಾಧಾನ ಆಗ್ತಿತ್ತು. ಅಳ್ಲಿಲ್ಲ. ಮೊನ್ನೆ ಅವಳ ಜಾಮಿಟ್ರಿ ಬಾಕ್ಸ್ ತೆಗೆದು ನೋಡಿದ್ರೆ ಅವಳ ಆಧಾರ್ ಕಾರ್ಡು ಮಡಿಸದೆ ನೆಟ್ಟಗೆ ಇಟ್ಕೊಂಡಿದಾಳೆ. ಇದ್ಯಾಕವ್ವ ಅಂದ್ರೆ, ಯಾರಾದ್ರೂ ಕೇಳಿದ್ರೆ ತೋರ್ಸೋಕೆ ಅಜ್ಜಿ ಅಂತಾಳೆ. ಒಂಬತ್ತು ವರ್ಷದ ಕೂಸು ಆಡೋ ಮಾತಾ ಇದು?

ಊರಿನೋರು ಮೊದಲ ವಾರ ಬಂದು ಬಂದು ಕೇಳ್ತಿದ್ರು. ಈಗ ಬರೋದು ಕಮ್ಮಿ ಆಗಿದೆ. ಹೊಲಿಯೋಕೆ ಕೊಟ್ಟಿದ್ದ ಬಟ್ಟೆ ವಾಪಸ್ ಕೊಡಿ ಅಂತ ಕಲ್ಲಮ್ಮ ಬಂದಿದ್ಲು. ಇನ್ನೊಂದು ವಾರ ಇರ್ಲಿ, ಮಲ್ಲಿ ಬತ್ತಾಳೆ ಅಂದೆ. ಅವಳು ನನ್ನ ಮುಖ ನೋಡ್ದೆ, ಬರೋದಾದ್ರೆ ಬರ್ಲಿ ಬಿಡಿ, ಈಗ ಬಟ್ಟೆ ಕೊಡಿ ಅಂದ್ಲು. ಅವಳ ಹಿಂದೆ ಇನ್ನೂ ನಾಲ್ಕು ಜನ ಬಂದು ತಗೊಂಡು ಹೋದ್ರು. ಹೋದ ಶುಕ್ರವಾರ ಕಚೇರಿಯೋರು ಅಂತ ಇಬ್ಬರು ಗಂಡಸರು ಬಂದು ಬಾಗಿಲಿಂದು, ನಿನ್ನ ಮೆಷಿನ್‌ದು ಫೋಟೋ ತೆಗೆದ್ರು. ಇವರು ಕೊನೇ ಸಲ ಈ ಮನೇಲಿ ಇದ್ದದ್ದು ಯಾವಾಗ ಅಂತ ಕೇಳಿದ್ರು. ಕೊನೇ ಸಲ ಅಂತ ಯಾಕಪ್ಪಾ ಅಂತೀಯ ಅಂದೆ. ಫಾರಂನಲ್ಲಿ ಹಂಗೇ ಇದೆ ಅಮ್ಮಾ ಅಂದ.

ಇನ್ನು ಕೇಸಿನ ವಿಚಾರ. ತರೀಕೆರೆಯ ವಕೀಲ ರುದ್ರಮೂರ್ತಿಗಳು ಒಳ್ಳೇವ್ರು, ಬಿಡಿಸಿ ಹೇಳ್ತಾರೆ. ಅವರು ಹೇಳಿದ್ದು ಇಷ್ಟು. ನೀನು ಹಾಕಿದ್ದ ಪೌರತ್ವದ ಅರ್ಜಿ ಹೋದ ವರ್ಷ ಆಗಸ್ಟಲ್ಲೇ ಒಪ್ಪಿಗೆ ಆಗಿತ್ತಂತೆ. ನಿಮ್ಮ ದೇಶದ ಪೌರತ್ವ ಬಿಟ್ಟುಕೊಟ್ಟು, ಪಾಸ್‌ಪೋರ್ಟು ಒಪ್ಪಿಸಿ, ಅದರ ಪತ್ರ ತೊಂಬತ್ತು ದಿನದೊಳಗೆ ತನ್ನಿ ಅಂತ ಜಿಲ್ಲಾ ಕಚೇರಿಯಿಂದ ರಿಜಿಸ್ಟರ್ ಕಾಗದ ಬಂದಿತ್ತಂತೆ. ಯಾರೂ ಉತ್ತರ ಕೊಡ್ಲಿಲ್ಲ. ಡಿಸೆಂಬರಲ್ಲಿ ಅರ್ಜಿ ಮುಗಿಸಿಬಿಟ್ರು. ಆ ಅರ್ಜಿ ತೋರಿಸಿ ಕೇಳಿದ್ದ ವೀಸಾನೂ ಅದರ ಜೊತೆ ಹೋಯ್ತು. ನಾವಿಲ್ಲಿ, ಕಾಗದ ಬರ್ಲಿ, ಕಾಗದ ಬಂದ್ಮೇಲೆ ಊರಿಗೆ ಹೋಗು, ಅರ್ಜಿ ನಡುವೆ ದೇಶ ಬಿಟ್ರೆ ತೊಂದ್ರೆ ಅಂತ ನಿನ್ನ ತಡೀತಾ ಕೂತಿದ್ವಿ. ದಸರಾ ರಜಕ್ಕೆ ಹೊರಟವಳನ್ನ ಗುರು ಬೇಡ ಅಂದ. ದೀಪಾವಳಿಗೂ ಬೇಡ ಅಂದ. ನಿಮ್ಮಮ್ಮನಿಗೆ ಜಾಸ್ತಿ ಆಯ್ತು ಅಂದ ಮೇಲೇ ಹೋದ ತಿಂಗಳು ಒಪ್ಪಿದ್ದು. ಪಾಪ, ಅವನು ಕಾದಿದ್ದು ಕಾಗದಕ್ಕೆ.

ಆ ಕಾಗದ ಮಲ್ಲಿಕಾ ಕೈ ಸೇರಿಲ್ಲ ಅಂತ ರುಜುವಾತು ಮಾಡಿದ್ರೆ ಅರ್ಜಿಗೆ ಮತ್ತೆ ಜೀವ ಬರಬಹುದು ಅಂತಾರೆ ವಕೀಲ್ರು. ಆದ್ರೆ ತಲುಪಿದೆ ಅಂತ ಪೋಸ್ಟಾಫೀಸಲ್ಲಿ ದಾಖಲೆ ಇದೆ, ಗೌರಿ ಹಬ್ಬದ ಹಿಂದಿನ ದಿನ. ಅದನ್ನ ಕೇಳಿದ್ದೇ ಗುರುಗೆ ರೇಗಿಹೋಯ್ತು. ಪೋಸ್ಟ್ ಅಂಜಿನಪ್ಪನ್ನ ಬೀದೀಲೇ ಹಿಡಿದು ನಮ್ಮ ಜಗಲಿಗೆ ಕರ್ಕೊಂಡು ಬಂದ. ಯಾರ ಕೈಗೆ ಕೊಟ್ಟೆಯೋ, ಎಲ್ಲಿ ಬಿಸಾಕಿದ್ಯೋ ಅಂತ ಕೂಗಾಡ್ದ. ಇಪ್ಪತ್ತೆರಡು ವರ್ಷದಿಂದ ಈ ಊರಿಗೆ ಕಾಗದ ಹಂಚ್ತಿರೋ ಮನುಷ್ಯ. ಟೋಪಿ ತೆಗೆದು ಕೈಲಿ ಹಿಡ್ಕೊಂಡು, ಮನೇಲೇ ಕೊಟ್ಟಿದೀನಿ ಗುರಣ್ಣ, ನನ್ನ ಮಕ್ಕಳಾಣೆ ಅಂದ. ಯಾರಿಗೆ ಅಂದ್ರೆ, ನನ್ನ ಕಡೆ ಒಂದ್ಸಲ ನೋಡ್ದ. ಆಮೇಲೆ ನೆಲ ನೋಡ್ದ. ನೆನಪಿಲ್ಲ ಅಣ್ಣ, ಹಬ್ಬದ ಗಲಾಟೆ ಅಂದ. ಗುರು ಅವನ ಮೇಲೆ ಬರವಣಿಗೇಲಿ ದೂರು ಕೊಟ್ಟಿದಾನೆ. ವಿಚಾರಣೆ ಮುಗಿಯೋತನಕ ಅಂಜಿನಪ್ಪ ಕೆಲಸಕ್ಕೆ ಬರೋಹಂಗಿಲ್ಲವಂತೆ. ಅವನ ಹೆಂಡ್ತಿ ಕೊಳಾಯಿ ಹತ್ರ ನನ್ನ ನೋಡಿ, ಬಿಂದಿಗೆ ಅರ್ಧ ತುಂಬಿದ್ರೂ ಎತ್ಕೊಂಡು ಹೋದ್ಲು. ಸಹಿ ಇರೋ ಚೀಟಿನ ಜಿಲ್ಲಾ ಕಚೇರಿಯಿಂದ ತರಿಸ್ತಾ ಇದಾರೆ. ಈ ವಾರದಲ್ಲಿ ಬರುತ್ತೆ ಅಂತ ವಕೀಲ್ರು ಹೇಳಿದ್ರು.

ನೀನು ಫೋನಲ್ಲಿ ಹೇಳಿದ್ಯಲ್ಲ, ಅಲ್ಲಿ ಒಂದು ಫಾರಂ ತೋರಿಸ್ತಾರೆ, ನಾನೇ ಇಷ್ಟಪಟ್ಟು ನನ್ನ ದೇಶಕ್ಕೆ ಹೋಗ್ತೀನಿ ಅಂತ ಸಹಿ ಹಾಕಿದ್ರೆ ಮೂರು ನಾಕು ದಿನದಲ್ಲಿ ವಿಮಾನ ಹತ್ತಿಸ್ತಾರೆ ಅಂತ, ಅದರ ಬಗ್ಗೆ ಕೇಳಿದ್ವಿ. ಹಾಕಿದ್ರೆ ಅರ್ಜಿ ಪೂರಾ ಮುಗೀತು, ಮತ್ತೆ ಈ ದೇಶಕ್ಕೆ ಎಷ್ಟು ವರ್ಷ ಬಿಡಲ್ವೋ ಹೇಳೋಕಾಗಲ್ಲ ಅಂದ್ರು ವಕೀಲ್ರು. ಇಪ್ಪತ್ತನೇ ತಾರೀಕು ಗುರುವಾರ ವಿಚಾರಣೆ ಇದೆ, ಅಲ್ಲಿತನಕ ತಡ್ಕೊಳ್ಳಿ ಅಂದಿದಾರೆ. ಗುರು ಅಂತೂ, ಸಹಿ ಹಾಕಬೇಡ ಅಂತ ಎರಡೆರಡು ಸಲ ಬರಿ ಅಮ್ಮಾ ಅಂದ. ಸಹಿ ಹಾಕಬೇಡ. ಸಹಿ ಹಾಕಬೇಡ. ನಿಮ್ಮಮ್ಮ ಹಂಗೇ ಇದಾರಂತೆ, ಗಂಜಿ ಕುಡೀತಾರಂತೆ, ನಿಮ್ಮಣ್ಣ ಫೋನ್ ಮಾಡಿದ್ರು. ಯೋಚ್ನೆ ಮಾಡಬೇಡ.

ನಿನ್ನ ಬುದ್ಧನ ಫೋಟೋ ಮುಂದೆ ದಿನಾ ದೀಪ ಹಚ್ತಾ ಇದೀನಿ. ಹೆಂಗೆ ಕೈಮುಗೀಬೇಕು ಅಂತ ಗೊತ್ತಿಲ್ಲ, ನಮ್ಮ ಲಿಂಗಪ್ಪನಿಗೆ ಮುಗಿದ ಹಾಗೇ ಮುಗೀತೀನಿ. ಗುರು ಕುವೈತಿಂದ ನಿನ್ನ ಕರ್ಕೊಂಡು ಬಂದಾಗ, ಡ್ರೈವರ್ ಕೆಲಸಕ್ಕೆ ಹೋದವನು ಅದೇ ಮನೇಲಿ ಮುದುಕಿ ನೋಡ್ಕೊಳ್ತಿದ್ದ ಸಿಂಹಳದವಳನ್ನ ಕಟ್ಕೊಂಡು ಬಂದ್ಬಿಟ್ಟ ಅಂತ ನಾನು ಮೂರು ದಿನ ಮಾತಾಡಿರ್ಲಿಲ್ಲ. ನಾಲ್ಕನೇ ದಿನ ನನ್ನ ಮಂಡಿಗೆ ನೀನು ಎಣ್ಣೆ ತಿಕ್ಕಿದೆ. ಅದನ್ನೆಲ್ಲ ಈಗ ಯಾಕೆ ಬರೀತಿದೀನೋ. ಮಠದ ಬುದ್ಧಿಯೋರು ವಿಭೂತಿ ಕೊಟ್ಟಿದಾರೆ, ಇದರಲ್ಲಿ ಒಂದು ಚಿಟಿಕೆ ಇಟ್ಟಿದೀನಿ. ನೂರ್ಕಾಲ ಬಾಳು. ನಿನ್ನ ಮನೆ ಇದೇ.

ಇಂತಿ,
ನಿನ್ನ ಅತ್ತೆ
ಕರಿಬಸಮ್ಮ

ತಾ.ಕ. ಮಲ್ಲಿ, ಮೇಲಿನದನ್ನ ಗುರು ಓದಿ ಸರಿ ಇದೆ ಅಂತ ಹೇಳಿ, ಈರುಳ್ಳಿ ಲೋಡಿಗೆ ಬೀರೂರಿಗೆ ಹೋಗಿದಾನೆ. ಅವನು ಬರೋದ್ರೊಳಗೆ ಇದನ್ನ ಬರೀತಿದೀನಿ. ಅಕ್ಷರ ಕೆಟ್ಟರೂ ಪೂರ್ತಿ ಓದು.

ನಿಮ್ಮಮ್ಮ ಗಂಜಿ ಕುಡೀತಾ ಇಲ್ಲ. ನೀರೂ ಇಳೀತಿಲ್ಲವಂತೆ. ಇನ್ನು ಒಂದು ವಾರ ಅಂತ ಡಾಕ್ಟ್ರು ಹೇಳಿದಾರೆ ಅಂತ ನಿಮ್ಮಣ್ಣ ನಿನ್ನೆ ಅತ್ತರು. ನಿನಗೆ ಗೊತ್ತಾದ್ರೆ ಸಹಿ ಹಾಕ್ಬಿಡ್ತೀಯ ಅಂತ ಗುರು ಮುಚ್ಚಿಡು ಅಂದ. ನಾನು ಮುಚ್ಚಿಡಲ್ಲ. ಒಂದು ಮುಚ್ಚಿಟ್ಟಿದ್ದೇ ಸಾಕಾಗಿದೆ.

ಆ ರಿಜಿಸ್ಟರ್ ಕಾಗದ ಇಸ್ಕೊಂಡಿದ್ದು ನಾನು. ಸಹಿ ನಂದು. ನೀನು ಬಾಗಿನಕ್ಕೆ ಬಳೆ ತರೋಕೆ ಹೋಗಿದ್ದೆ. ಇಂಗ್ಲೀಷಲ್ಲಿತ್ತು, ದೇವೀರಪ್ಪ ಮೇಷ್ಟ್ರ ಹತ್ರ ಓದಿಸ್ದೆ. ಪಾಸ್‌ಪೋರ್ಟು ಒಪ್ಪಿಸಬೇಕು, ಆಮೇಲೆ ಇಲ್ಲಿನ ಪಾಸ್‌ಪೋರ್ಟು ಆಗೋಕೆ ಎಷ್ಟು ತಿಂಗಳೋ ಅಂದ್ರು. ನಿಮ್ಮಮ್ಮನಿಗೆ ಲಕ್ವ ಹೊಡೆದು ಆಗ ಹದಿನೈದು ದಿನ. ಇದನ್ನ ಗುರು ಕೈಗೆ ಕೊಟ್ರೆ ನಾಳೇನೇ ಪಾಸ್‌ಪೋರ್ಟು ಒಪ್ಪಿಸಿಬಿಡ್ತಾನೆ, ನೀನು ತಾಯಿ ಮುಖ ನೋಡೋಕೆ ಹೆಂಗೆ ಹೋಗ್ತೀಯ ಅನ್ನಿಸ್ತು. ದಸರಾ ರಜಕ್ಕೆ ನೀನು ಹೋಗಿ ಬಂದ ದಿನ ಕೊಟ್ರಾಯ್ತು ಅಂತ ನನ್ನ ಟ್ರಂಕಲ್ಲಿ ಸೀರೆ ಮಡಿಕೆ ಒಳಗೆ ಇಟ್ಟೆ. ನಮ್ಮವ್ವ ಎಮ್ಮೆದೊಡ್ಡೀಲಿ ಸಾಯೋವಾಗ ಶೇಂಗಾ ಕೀಳೋ ಕೆಲಸ ಅಂತ ನನ್ನತ್ತೆ ನನ್ನ ಕಳಿಸ್ಲಿಲ್ಲ. ನಾನು ಹೋದಾಗ ಮಣ್ಣು ಮುಚ್ಚಿ ಆಗಿತ್ತು. ಅಂಥ ಅತ್ತೆ ನಾನಾಗಬಾರದು ಅಂತ ಇತ್ತು ಕಣೇ.

ಕಾಗದ ಬರೋತನಕ ಹೋಗಬೇಡ ಅಂತ ಗುರು ನಿನ್ನ ತಡೆದಾಗ, ಕಾಗದ ನನ್ನ ಟ್ರಂಕಲ್ಲೇ ಇತ್ತು. ನಾಳೆ ಕೊಡ್ತೀನಿ, ನಾಳೆ ಕೊಡ್ತೀನಿ ಅಂದ್ಕೊಂಡೆ. ದಿನ ಮೀರಿದ ಮೇಲೆ ಹೆದರಿಕೆ ಆಯ್ತು. ಅಂಜಿನಪ್ಪನ್ನ ಜಗಲಿ ಮೇಲೆ ನಿಲ್ಲಿಸಿ ಬೈದಾಗಲೂ ನಂಗೆ ಬಾಯಿ ಬರ್ಲಿಲ್ಲ. ಅವನು ನನ್ನ ಉಳಿಸ್ದ, ನಾನು ಅವನ ಅನ್ನ ಕಳೆದೆ.

ಬೆಳಿಗ್ಗೆ ವಕೀಲ್ರಿಗೆ ಫೋನ್ ಮಾಡಿ ಎಲ್ಲ ಹೇಳಿದೀನಿ. ಬೈತಾರೆ ಅಂದ್ಕೊಂಡಿದ್ದೆ. ಬೈಲಿಲ್ಲ, ಇದನ್ನ ಅಧಿಕಾರಿಗಳ ಮುಂದೆ ಹೇಳ್ತೀರಾ ಅಮ್ಮಾ ಅಂದ್ರು. ಹೇಳ್ತೀನಿ ಅಂದೆ. ಅದರಿಂದ ಅರ್ಜಿ ಮತ್ತೆ ತೆಗೀಬಹುದು, ತೆಗೀದೇನೂ ಇರಬಹುದು ಅಂದ್ರು. ಈ ಕಾಗದನ ಅಲ್ಲಿನೋರು ಒಡೆದು ಓದ್ತಾರಂತೆ. ಓದ್ಲಿ.

ಆ ಫಾರಂಗೆ ಸಹಿ ಹಾಕಬೇಡ ಅಂತ ಮೇಲೆ ಎರಡು ಸಲ ಬರೆದೆನಲ್ಲ, ಅದು ಗುರು ಮಾತು. ನಾನು ಹಾಕು ಅಂತಲೂ ಹೇಳಲ್ಲ, ಬೇಡ ಅಂತಲೂ ಹೇಳಲ್ಲ. ಹಾಕಿದ್ರೆ ನಿಮ್ಮಮ್ಮನ ಮುಖ ಸಿಗಬಹುದು, ಶಾಂಭವಿ ಮುಖ ಯಾವಾಗ ಸಿಗುತ್ತೋ ಗೊತ್ತಿಲ್ಲ. ಹಾಕದಿದ್ರೆ ಅದು ತಿರುಗಮುರುಗ. ನಿನ್ನ ಬದಲು ನಾನೊಂದ್ಸಲ ತೀರ್ಮಾನ ಮಾಡಿದ್ದಕ್ಕೆ ಇಷ್ಟಾಯ್ತು. ಈ ಸಲ ನೀನೇ ಮಾಡು. ಯಾವುದು ಮಾಡಿದ್ರೂ ಅದು ನನ್ನ ತಪ್ಪು, ನಿಂದಲ್ಲ.

ಗಾಡಿ ಸದ್ದು ಕೇಳ್ತಿದೆ, ಗುರು ಬಂದ. ಅವನಿಗೂ ಹೇಳ್ತೀನಿ.

ಹೇಳ್ದೆ. ಅವನು ಕೂಗಾಡ್ಲಿಲ್ಲ. ಟ್ರಂಕಿಂದ ಕಾಗದ ತೆಗೆದು ಕೊಟ್ಟಾಗ ನಿಂತ್ಕೊಂಡೇ ಓದ್ದ. ಅಂಜಿನಪ್ಪನ ಮನೆಗೆ ಹೋಗಿ ಬತ್ತೀನಿ ಅಂದ. ಶಾಂಭವಿನ ಜೊತೇಲಿ ಕರ್ಕೊಂಡ. ಮಗು ಇಲ್ಲೇ ಇರ್ಲಿ ಕಣೋ ಅಂದೆ, ಕೇಳಿಸ್ಕೊಳ್ಳಲಿಲ್ಲ. ಅವಳ ಸ್ಕೂಲ್ ಬ್ಯಾಗೂ, ಎರಡು ಜೊತೆ ಬಟ್ಟೇನೂ ಗಾಡೀಲಿ ಇಟ್ಕೊಂಡ. ಅಂಜಿನಪ್ಪನ ಮನೆ ಮೂರನೇ ಬೀದಿ, ನಡೆದೇ ಹೋಗಬಹುದು.