ಒಂಬತ್ತನೇ ಶಾಟಿನ ಸೊನ್ನೆ

ಮನೆಯ ಮಹಡಿ ಕೋಣೆ,
ಮಾರ್ಚ್ ೧೪, ಗುರುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಯಾವಾಗಲೂ ಇಷ್ಟು ಕೇಳಿ, ಉತ್ತರಕ್ಕೂ ಕಾಯದೆ ನನ್ನ ಸುದ್ದಿಗೆ ಹಾರುವವಳು ನಾನು. ಈ ಸಲ ಪೆನ್ನು ನಿಲ್ಲಿಸಿ ಕೇಳುತ್ತಿದ್ದೇನೆ. ಊಟ ಸೇರುತ್ತಿದೆಯೇ, ನಿದ್ದೆ ಬರುತ್ತಿದೆಯೇ, ಬೆಳಿಗ್ಗೆ ಎದ್ದಾಗ ಬಲಗೈ ಹೇಗಿರುತ್ತದೆ? ಅತ್ತೆಯ ಮಂಡಿನೋವು ಹೇಗಿದೆ? ಅಣ್ಣನಾದ ನೀವು ಬಂದಿರೆಂಬ ಖುಷಿಯಲ್ಲಿ ಅವರು ಅದನ್ನು ಮರೆತಿರಲೂಬಹುದು. ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ, ನನ್ನ ಜೊತೆ ಮಾತ್ರ ಮಾತು ಕಡಿಮೆ. ತಟ್ಟೆ ಇಡುವ ಸದ್ದಿನಲ್ಲೇ ಎಲ್ಲ ಹೇಳಿಬಿಡುತ್ತಾಳೆ. ಫೋನಿನಲ್ಲಿ ಮಾತಾಡೋಣವೆಂದರೆ ನಿಮ್ಮ ದನಿ ಕೇಳಿದ ಕೂಡಲೇ ನನ್ನ ಬಾಯಿ ಕಟ್ಟುತ್ತದೆ. ಅದಕ್ಕೇ ಈ ಪತ್ರ. ಕೋಳಿ ಕೆದಕಿದಂಥ ಅಕ್ಷರ ಎಂದು ನಗುವುದಾದರೆ ನಗಿ. ನೀವು ನಕ್ಕರೆ ನನಗೆ ಅಷ್ಟೇ ಸಾಕು.

ಆ ಭಾನುವಾರದ ಮಾತಿಗೇ ಬರುತ್ತೇನೆ. ಕಾಲೇಜಿನ ಕೊನೆಯ ವರ್ಷಕ್ಕೆ ನಾನು ಮಾಡಬೇಕಾದ ಹತ್ತು ನಿಮಿಷದ ಸಿನಿಮಾಕ್ಕೆ, ಕೈ ನಡುಗತೊಡಗಿದ ಬೋರ್ಡು ಬರಹಗಾರನೊಬ್ಬನ ಕಥೆ ಮಾಡಿಕೊಂಡಿದ್ದೆ. ಊರೆಲ್ಲ ಬೋರ್ಡು ಬರೆದ ಅಪ್ಪ ಮನೆಯಲ್ಲೇ ಇರುವಾಗ ನಟನನ್ನು ಹುಡುಕುವುದೇಕೆ ಎಂದು ನಿಮ್ಮನ್ನೇ ಕೇಳಿದೆ. ನೀವು ಬ್ರಷ್ಷನ್ನು ಸೀಮೆಎಣ್ಣೆ ಡಬ್ಬಿಯಲ್ಲಿ ಅದ್ದಿ, ನನ್ನ ಮುಖವನ್ನೇ ನೋಡುತ್ತಾ, "ಈ ಕಥೆ ಎಲ್ಲಿಂದ ಬಂತು ಪುಟ್ಟಿ?" ಅಂದಿರಿ. "ಕಲ್ಪನೆ ಅಪ್ಪಾ" ಅಂದೆ. ನೀವು ಬ್ರಷ್ಷನ್ನು ಬಟ್ಟೆಗೆ ಒರೆಸಿ, "ಆಗ್ಲಿ ಬಿಡು, ನಡುಗಿಸೋಣ" ಅಂದಿರಿ. ನಾನು ಕುಣಿದಾಡಿದೆ.

ಒಂಬತ್ತನೇ ಶಾಟು ನನಗೆ ಎಲ್ಲಕ್ಕಿಂತ ಮುಖ್ಯವಾಗಿತ್ತು. ಹಾರ್ಡ್‌ವೇರ್ ಅಂಗಡಿಯ ಬೋರ್ಡಿನಲ್ಲಿ ಫೋನ್ ನಂಬರಿನ ಸೊನ್ನೆ, ತೀರಾ ಹತ್ತಿರದಿಂದ ನಿಮ್ಮ ಕೈ. ಉಸಿರು ಹಿಡಿದು ಒಂದೇ ಎಳೆತದಲ್ಲಿ ಸೊನ್ನೆ ಬರೆಯುತ್ತಿದ್ದವರಲ್ಲವೇ ನೀವು. ಕ್ಯಾಮೆರಾ ಹಿಡಿಯುವ ಗೆಳತಿ, ಮೈಕು ಹಿಡಿಯುವ ಗೆಳೆಯ, ಇಬ್ಬರೂ ನಿಮ್ಮ ಆ ಇಕ್ಕಟ್ಟು ಅಂಗಡಿಯಲ್ಲಿ ಬಣ್ಣದ ಡಬ್ಬಿಗಳ ನಡುವೆ ಹೇಗೋ ತೂರಿಕೊಂಡಿದ್ದರು. ಬರಿಯ ತಾಲೀಮು ಅದು. ಸೊನ್ನೆ ಅಲ್ಲಾಡಿತು. ನಾನು ಏನಂದೆ ಗೊತ್ತಲ್ಲ? "ಅಪ್ಪಾ, ನಡುಕ ಜಾಸ್ತಿ ಆಯ್ತು, ನಾಟಕದ ಥರ ಕಾಣುತ್ತೆ. ಸ್ವಲ್ಪ ಕಮ್ಮಿ ಮಾಡಿ." ಹಿಂದಿದ್ದ ಇಬ್ಬರೂ ಕಿಸಕ್ಕೆಂದರು. ನೀವು ಒರೆಸಿ ಮತ್ತೆ ಬರೆದಿರಿ. ಮತ್ತೆ ಅದೇ ಮಾತು ನನ್ನದು. ಹೀಗೆ ನಾಲ್ಕು ಸಲ. ನಾಲ್ಕನೆಯ ಸಲ ನೀವು ಎಡಗೈಯಿಂದ ಬಲ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿರಿ. ಅದಕ್ಕೂ ನಾನು, "ಹಂಗೆಲ್ಲ ಹಿಡ್ಕೋಬೇಡಿ, ಫ್ರೇಮಿಗೆ ಎಡಗೈ ಬರುತ್ತೆ" ಅಂದೆ. ನೀವೂ ನಕ್ಕು, "ಇವತ್ತು ಕೈ ಮಾತು ಕೇಳ್ತಿಲ್ಲ, ನಾಳೆ ಸರಿ ಮಾಡ್ತೀನಿ" ಅಂದಿರಿ. ಮರುದಿನ ಬೆಳಿಗ್ಗೆ, ಅತ್ತೆಯ ಊರಿನಲ್ಲಿ ಅಂಗಡಿ ಶಟರ್ ಬರೆಯುವ ಕೆಲಸವಿದೆ ಎಂದು ಬ್ಯಾಗು ಹಿಡಿದು ಹೊರಟಿರಿ. ಬ್ರಷ್ಷಿನ ಪೆಟ್ಟಿಗೆ ಕಪಾಟಿನ ಮೇಲೇ ಇದ್ದದ್ದನ್ನು ಅಮ್ಮ ನೋಡಿದಳು. ನನಗೆ ಅದೂ ಕಾಣಲಿಲ್ಲ.

"ಮೊದಲು ಕಾಗದದ ಮೇಲೆ ಸಿನಿಮಾ ಮಾಡಿ, ಆಮೇಲೆ ಕ್ಯಾಮೆರಾ ಮುಟ್ಟಿ" ಎನ್ನುವುದು ನಮ್ಮ ಮೇಷ್ಟ್ರ ಪಲ್ಲವಿ. ಮೊದಲ ಶಾಟಿನಲ್ಲಿ ಕ್ಯಾಮೆರಾ ನಮ್ಮ ಬೀದಿಯ ಉದ್ದಕ್ಕೂ ನಿಮ್ಮ ಬೋರ್ಡುಗಳನ್ನು ಹಾದುಬರಬೇಕು. ಯಾವುದಾದ ಮೇಲೆ ಯಾವುದು ಎಂದು ಗೊತ್ತುಮಾಡಲು ಮಂಗಳವಾರ ಹದಿನಾಲ್ಕು ಬೋರ್ಡುಗಳ ಫೋಟೋ ತೆಗೆದು ಈ ಕೋಣೆಯ ನೆಲದ ಮೇಲೆ ಹರಡಿದೆ. ಬೋರ್ಡಿನ ಕೆಳಮೂಲೆಯಲ್ಲಿ ಅಕ್ಕಿಕಾಳಿನಷ್ಟು ಅಕ್ಷರದಲ್ಲಿ ತಾರೀಕು ಬರೆಯುವ ಅಭ್ಯಾಸ ನಿಮ್ಮದು. ಅದನ್ನು ನೋಡಿ ಸಾಲಾಗಿ ಜೋಡಿಸಿದೆ. ಮೊದಲ ಎಂಟು ಬೋರ್ಡುಗಳಲ್ಲಿ ಗೆರೆ ದಾರ ಹಿಡಿದ ಹಾಗಿದೆ. ಒಂಬತ್ತನೆಯದು ಔಷಧಿ ಅಂಗಡಿಯದು, ಒಂದೂವರೆ ವರ್ಷದ ಹಿಂದಿನ ತಾರೀಕು, ಅಲ್ಲಿಂದ ಸೊನ್ನೆಗಳು ಸೊಟ್ಟಗಾಗಿವೆ. ಕೊನೆಯ ಮೂರರಲ್ಲಿ ಗೆರೆ ಮತ್ತೆ ನೇರವಾಗಿದೆ, ಆದರೆ ಅಂಚಿನಲ್ಲಿ ಅಂಟುಪಟ್ಟಿ ಕಿತ್ತ ಗುರುತು. "ಪಟ್ಟಿ ಹಚ್ಚಿ ಗೆರೆ ಎಳೆಯೋನು ಬೋರ್ಡು ಬರೆಯೋನಲ್ಲ, ಲಕೋಟೆ ಅಂಟಿಸೋನು" ಎಂದು ಜೀವಮಾನವಿಡೀ ಗೇಲಿ ಮಾಡಿದವರು ನೀವು. ಆ ಮೂರು ಬೋರ್ಡುಗಳಲ್ಲಿ ತಾರೀಕು ಸಹ ಅಕ್ಕಿಕಾಳಿನಷ್ಟಿಲ್ಲ, ಕಡಲೆಕಾಳಿನಷ್ಟಾಗಿದೆ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ನನಗೆ ಹದಿನಾಲ್ಕು ಫೋಟೋ ಬೇಕಾಯಿತು. ಒಂದೂವರೆ ವರ್ಷ ನೀವು ಒಬ್ಬರೇ ಅದನ್ನು ಮುಚ್ಚಿಟ್ಟುಕೊಂಡು ಬಂದಿರಿ. ನನಗೆ ಗೊತ್ತಿರಲಿಲ್ಲ ಅಪ್ಪಾ. ಗೊತ್ತಿಲ್ಲದೆ ಗೆಳೆಯರಿಬ್ಬರ ಮುಂದೆ ನಿಮ್ಮ ನೋವಿಗೇ ನಟನೆ ಕಲಿಸಲು ಹೋದೆ. ನಾಚಿಕೆ ಎಂಬ ಮಾತನ್ನು ಎಷ್ಟೋ ಸಲ ಸಂಭಾಷಣೆಯಲ್ಲಿ ಬರೆದಿದ್ದೇನೆ, ಅದರ ಅರ್ಥ ಈಗ ತಿಳಿಯಿತು. ಅಮ್ಮನಿಗೆ ಹೇಳಿದೆ. "ನಿಂಗೆ ಈಗ ಕಾಣಿಸ್ತಾ?" ಅಂದಳು, ಅಷ್ಟೇ.

ನಿನ್ನೆ ಕಾಲೇಜಿಗೆ ಹೋಗಿ, ಮೇಷ್ಟ್ರಿಗೆ ಕೊಟ್ಟಿದ್ದ ಶಾಟ್ ಪಟ್ಟಿ ವಾಪಸ್ಸು ತಂದೆ. ಸಿನಿಮಾ ಒಪ್ಪಿಸಲು ಉಳಿದಿರುವುದು ಹತ್ತು ದಿನ. ಮೇಷ್ಟ್ರು, "ಯಾಕೆ, ನಟ ಕೈಕೊಟ್ರಾ?" ಅಂದರು. "ಇಲ್ಲ ಸಾರ್, ಕೈಕೊಟ್ಟೋಳು ನಾನೇ" ಅಂದೆ. ಅವರಿಗೆ ಅರ್ಥವಾಗಲಿಲ್ಲ. ಈ ವರ್ಷ ಪಾಸಾಗದಿದ್ದರೆ ಮುಂದಿನ ವರ್ಷ ಆದೀತು. ನಿಮ್ಮ ಕೈ ನೋಡಲು ನರಗಳ ಡಾಕ್ಟರು ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಬರಹೇಳಿದ್ದಾರೆ. ದಯವಿಟ್ಟು ಬೇಡ ಅನ್ನಬೇಡಿ.

ಅತ್ತೆಗೆ ನನ್ನ ನಮಸ್ಕಾರ ಹೇಳಿ. ನೀವು ನನ್ನನ್ನು ಬೈದು ಬರೆದರೂ ಸರಿ, ಎಂಥ ಅಕ್ಷರದಲ್ಲಾದರೂ ಸರಿ, ಎರಡು ಸಾಲು ಬರೆಯಿರಿ.

ನಿಮ್ಮ ಕಾಲಿಗೆರಗುವ,
ಪುಟ್ಟಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯವಾಗದ್ದು. ಅಂಚೆಗೆ ಹಾಕಲು ಅಮ್ಮ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಗೊತ್ತಿರಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಕಥೆ ಎಲ್ಲಿಂದ ಬಂತು ಎಂದು ಕೇಳಿದಿರಲ್ಲ? ಕಳೆದ ವರ್ಷ ಒಂದು ಮಧ್ಯಾಹ್ನ ನಾನು ಅಂಗಡಿಗೆ ಬಂದಾಗ ನೀವು ಟೀ ಲೋಟವನ್ನು ಸ್ಟೂಲಿನ ಮೇಲಿಟ್ಟು, ಕೈಯಲ್ಲಿ ಎತ್ತದೆ, ಬಗ್ಗಿ ಬಾಯಿ ಹಚ್ಚಿ ಕುಡಿಯುತ್ತಿದ್ದಿರಿ. ನಾನು ಹೊರಗೇ ನಿಂತು ನೋಡಿದೆ. ಒಳಗೆ ಬಂದು ಏನಾಯಿತೆಂದು ಕೇಳಲಿಲ್ಲ. ಮನೆಗೆ ಹೋಗಿ ನೋಟ್‌ಬುಕ್ಕಿನಲ್ಲಿ 'ಒಳ್ಳೆಯ ದೃಶ್ಯ' ಎಂದು ಬರೆದುಕೊಂಡೆ. ಭಾನುವಾರ ಮೊದಲ ಬಸ್ಸಿಗೆ ನಿಮ್ಮನ್ನು ಕರೆದುಕೊಂಡು ಹೋಗಲು ಬರುತ್ತೇನೆ. ಕ್ಯಾಮೆರಾ ತರುವುದಿಲ್ಲ.